ಕೊಂಡಿ

ಚೇಳು ಅಂದುಕೊಂಡೆ ಮೊದಲನೇ ದಿನ.
ಇವರು ಹಾಸಿಗಿ ಝಾಡಿಸಿದರು,
ಕೌದಿಯ ಮಡಿಕಿ ಮಡಿಕಿ ಬಿಚ್ಚಿ ನೋಡಿದರು,
ಏನೂ ಇರಲಿಲ್ಲ.
ಎರಡೂ ಹೆಗಲು, ಎರಡೂ ಚಪ್ಪಿ,
ಒಂದ ರಾತ್ರಿಯೊಳಗ ಜೋಡಿ ಜೋಡಿ ಕುಟುಕೂದು
ಯಾವ ಚೇಳಿಗೆ ಬರತೈತಿ ಹೇಳ್ರಿ, ಇಷ್ಟು ಲೆಕ್ಕ?

ಮುಂಜಾನಿ ಆರಕ್ಕ ನಾನು ಕಟ್ಟಿಗಿ.
ಮಗ್ಗಲಾ ಹೊರಳಾಕ ಹೊರಸಿನ ಹಗ್ಗ ಹಿಡಿಬೇಕು,
ಹಗ್ಗ ಹಿಡಿಯಾಕ ಕೈ ಎತ್ತಬೇಕು,
ಕೈ ಎತ್ತಾಕ...
ಅಲ್ಲಿಗೆ ನಿಂತು ಬಿಡತಿತ್ತು ದಿನ.
ಹನ್ನೊಂದು ಹೊಡದ ಮ್ಯಾಲೆ
ಗಂಜಿ ಕುಡಿದು ಬಿರುಸಾದ ನೂಲು ತೊಯ್ದಾಗ ಮೆತ್ತಗಾದಂಗ
ಒಂದೊಂದ ಎಳಿ ಸಡಲ.

ಇಳಕಲ್ಲಿನಾಗ ನಮ್ಮದು ಕುಣಿಮಗ್ಗದ ಮನಿ.
ನಲವತ್ತು ವರ್ಷ ಆ ಕುಣಿಗೆ ಇಳಿದೀನಿ, ಎದ್ದೀನಿ.
ಅವತ್ತು ಇಳಿದಾಕಿ ಏಳಲಿಲ್ಲ.
‘ಹೆಣ ತಾನಾಗೇ ಹೋಗಿ ಕುಣಿಯಾಗ ಕೂತದ್ದು ನೋಡೀಯೇನ’ ಅಂತ ನಕ್ಕೆ.
ಮಾಬುಬಿ ನಗಲಿಲ್ಲ.
ಬಣ್ಣದ ಕೈ ಒರಸದನ ಓಡಿ ಬಂದು
ಕಂಕುಳಾಗ ಕೈ ಹಾಕಿ ಎತ್ತಿದಳು;
ಕುಬಸದ ಮ್ಯಾಲೆ ಇನ್ನೂ ಐತಿ
ಆಕೀ ಐದು ಬೆರಳಿನ ದಾಳಿಂಬರಿ ಕೆಂಪು.

ಮಗ್ಗಕ್ಕೂ ಹಣಿಗಿ, ತಲಿಗೂ ಹಣಿಗಿ.
ಮಗ್ಗದ್ದು ಎದಿ ಮಟ ಬರತಿತ್ತು,
ತಲೀದು ಕಿವಿ ದಾಟಲಿಲ್ಲ.
ಗಂಟುಗಂಟಾದ ಕೂದಲ ನೋಡಿ ನೋಡಿ
ಒಂದಿನ ಇವರು ಬಂದು ನನ್ನ ಹಿಂದ ಕೂತರು.
ಸಾವಿರ ಎಳಿ ಹಾಸಿನಾಗ ಒಂದೂ ತಪ್ಪದ ಮನುಷ್ಯ
ಮೂರು ಕಾಲಿನ ಜಡಿಗೆ ಬೆವತರು.
ಕಡೀಗೆ ಹೆಣೆದದ್ದು ಜಡಿ ಅಲ್ಲ, ದಡಿ.
ಬಿಚ್ಚಾಕ ಎರಡು ದಿನ ಹಿಡೀತು.

ವಾತ ಅಂದರು ಓಣಿಯವರು. ವಯಸ್ಸು ಅಂದರು. ಕುಣಿಯ ತಂಪು.
ಲಕ್ಕಿ ತಪ್ಪಲ ಕುದಿಸಿ ಕುದಿಸಿ ಗಿಡ ಬೋಳಾತು.
ಬಾಗಲಕೋಟಿ ಡಾಕ್ಟರಮ್ಮ, ನನ್ನ ಮೊಮ್ಮಗಳ ವಾರಿಗಿ,
ಎಲುವಿನ ಫೋಟೋ ಬೆಳಕಿಗೆ ಹಿಡಿದು
‘ಎಲುವು ಛಲೋ ಅದಾವ’ ಅಂದಳು.
ಆಮ್ಯಾಲೆ ಹೆಗಲಿಗೆ ತಣ್ಣನ ಅಂಟು ಹಚ್ಚಿ, ಯಂತ್ರ ಆಡಿಸಿ
ಪರದೆ ಮ್ಯಾಲೆ ತೋರಿಸಿದಳು:
ಸಂದಿನ ಪಕ್ಕದಾಗ ಸಣ್ಣ ಚೀಲ,
ಅದರ ತುಂಬ ಕಪ್ಪ ನೀರು.
‘ಎಲುವಿಂದಲ್ಲ ಅಮ್ಮಾರ. ಕೂಡೂ ಕಡೀದು.’
ನಳಗಿಯೊಳಗ ರಕ್ತ ಇಳಿಯೂ ಓಟ ತೊಂಬತ್ತಾರಂತ.
ಬೇನಿಗೆ ಉದ್ದಂದೊಂದು ಹೆಸರು ಹೇಳಿದಳು,
ಬಸ್ ಹತ್ತೂದರಾಗ ಇಬ್ಬರೂ ಮರೆತಿವಿ.

ಕೂಡೂ ಕಡೀದು.
ಸೀರಿಗೂ ಒಡಲು ಅಂತೀವಿ.
ಒಡಲಿನ ಹಾಸಿಗೆ ಸೆರಗಿನ ಹಾಸು ಕೊಂಡಿ ಹಾಕಿ ಕೂಡಸೂದು,
ಎಳಿಗೆ ಎಳಿ, ಅದ ನನ್ನ ಕೆಲಸ ಇತ್ತು.
ಕಣ್ಣಿಗೆ ಕಾಣಬಾರದು ಕೊಂಡಿ.
ಕಂಡರ, ಗಿರಾಕಿ ಮೊದಲ ಅಲ್ಲೇ ಜಗ್ಗಿ ನೋಡತಾಳ.

ಬಿಳಿ ಗುಳಿಗಿ, ತೊಗರಿಕಾಳಿನಷ್ಟು.
ಮೂರನೇ ಮುಂಜಾನಿ ಎದ್ದು
ನೆಲುವಿನ ಮ್ಯಾಲಿನ ಬೆಣ್ಣಿ ಗಡಿಗಿ ಇಳಿಸಿದೆ.
ಇಳಿಸಿದ ಮ್ಯಾಲೆ ತಿಳೀತು, ಕೈ ಎತ್ತಿದ್ದು.
ಮತ್ತ ಇಟ್ಟೆ. ಮತ್ತ ಇಳಿಸಿದೆ.
‘ಬೆಣ್ಣಿ ಕಳವು ಯಾವಾಗಿಂದ?’ ಅಂದರು ಇವರು, ಕೌದಿ ಒಳಗಿಂದ,
ದನಿ ಗಂಟಲಾಗ ಸಿಕ್ಕೊಂಡು.

ಡಾಕ್ಟರಮ್ಮ ಮಾತ್ರ ಕುಣಿಯಾಕ ಬಿಡಲಿಲ್ಲ.
ಸಂದಿಗೆ ಕೊಟ್ಟ ಸಾಲ
ಎಲುವಿನಾಗ ವಸೂಲಿ ಮಾಡತೈತಂತ ಈ ಗುಳಿಗಿ;
ಅದಕ್ಕ ಸುಣ್ಣದಂಥಾ ಇನ್ನೊಂದು ಗುಳಿಗಿ, ಬಿಸಲು, ಸಕ್ಕರಿ ತಪಾಸ.
ಮಾರಿ ಹುಣ್ಣಿವಿ ಚಂದ್ರಾಮ ಆಗೇತಿ,
ಸಂತ್ಯಾಗ ಮಂದಿ ‘ಮೈ ಹತ್ತೇತಿ’ ಅಂತಾರ.
‘ಒಮ್ಮೆಲೆ ಬಿಡಬ್ಯಾಡ್ರಿ, ಸಾವಕಾಶ ಇಳಿಸೂಣು.’
ಅದೇನು ಹೇಳಿಕೊಡತಾಳ ನೇಕಾರಗಿತ್ತಿಗೆ!
ಹದಿನೈದು, ಹನ್ನೆರಡೂವರಿ, ಹತ್ತು.

ನಿನ್ನೆಯಿಂದ ಏಳೂವರಿ.
ಇವತ್ತು ಬಲಗೈ ಕಿವಿಯ ಹಂತ್ಯಾಕ ಒಂದು ಗಳಿಗಿ ನಿಂತು
ಆಮ್ಯಾಲೆ ಮ್ಯಾಲೆ ಹೋತು.
ಇವರಿಗೆ ಹೇಳಿಲ್ಲ.
ಹಣಿಗಿ ಕೊಟ್ಟು
ಬೆನ್ನು ತಿರುಗಿಸಿ ಕೂತೆ.